ಅತ್ತಿಗೆ ಎಂದು ಕರೆಯುತ್ತಿದ್ದವನು

ಏಪ್ರಿಲ್ 22, ಬುಧವಾರ

ಸಮುದ್ರದ ಮೇಲಿನ ಹಿಮಗಡ್ಡೆ ಪೂರ್ತಿ ಒಡೆದು ವಾರವಾಯಿತು. ಬೆಳಿಗ್ಗೆ ಮಾವ ಚಹಾ ಮುಗಿಸಿ ಬಟ್ಟಲು ಪಕ್ಕಕ್ಕಿಟ್ಟು, "ಬೆಚ್ಚಗಿರೋ ಬಟ್ಟೆ ತಗೋ ಕನಿಪಾ. ದಂಡೆ ಹಿಡ್ಕೊಂಡು ಹೋಗಿಬರೋಣ" ಎಂದರು. ಎಲ್ಲಿಯವರೆಗೆ, ಎಷ್ಟು ದಿನ, ಏನೂ ಕೇಳಲಿಲ್ಲ. ಸೊಸೆ ಮಾವನನ್ನು ಪ್ರಶ್ನೆ ಕೇಳುವ ರೂಢಿ ನಮ್ಮಲ್ಲಿಲ್ಲ. ಅವರ ಹೆಸರನ್ನೂ ನಾನು ಇದುವರೆಗೆ ಬಾಯಿಗೆ ತಂದವಳಲ್ಲ. ಬಾಲವಾಡಿಯ ಅಡುಗೆ ಕೆಲಸಕ್ಕೆ ರಜೆ ಹೇಳಿ ಬಂದು ಹಿಟ್ಟು, ಸಕ್ಕರೆ, ಒಣಮೀನು, ಎರಡು ರಜಾಯಿ ಜೀಪಿಗೆ ಹಾಕಿದೆ. ಹಿಟ್ಟಿನ ಚೀಲದ ಪಕ್ಕ ಹಿಂದಿನ ಸೀಟಿನಲ್ಲಿ ಕೂತೆ. ಮಾತಿಗೆ ಯಾರೂ ಇಲ್ಲದ ದಾರಿ, ಅದಕ್ಕೇ ಬರೆಯುತ್ತಿದ್ದೇನೆ.

ಯಾಕೆ ಹೊರಟಿದ್ದೇವೆಂದು ಇಬ್ಬರೂ ಬಾಯಿಬಿಟ್ಟು ಹೇಳಿಲ್ಲ. ಫೆಬ್ರವರಿ ಕೊನೆಯಲ್ಲಿ ಮಾವನ ಮಗ ತಿಲೆಕ್ ಗಡ್ಡೆಯ ಕೆಳಗೆ ಬಿಟ್ಟಿದ್ದ ಬಲೆ ಎತ್ತಲು ಮೋಟರ್‌ಸೈಕಲ್ ಮೇಲೆ ಸಮುದ್ರಕ್ಕೆ ಹೋದ. ಮಧ್ಯಾಹ್ನ ಗಾಳಿ ತಿರುಗಿತು, ಗಡ್ಡೆ ಸೀಳಿತು. ಜೊತೆಗೆ ಹೋದವರು ಬಂದರು, ಅವನು ಬರಲಿಲ್ಲ. ಸೀಳಿದ ಗಡ್ಡೆಯ ಮೇಲೆ ತೇಲಿಕೊಂಡು ಆಚೆ ದಡ ಸೇರಿದವರು ಹಿಂದೆಯೂ ಇದ್ದಾರೆ. ಕಾಲು ಮುರಿದು ಯಾರೋ ಕುರಿ ಕಾಯುವವರ ಮನೆಯಲ್ಲಿ ಮಲಗಿರಬಹುದು. ಅಲ್ಲೆಲ್ಲ ಫೋನು ಎಲ್ಲಿ ಹಿಡಿಯುತ್ತದೆ? ಅವನಿಗೆ ಒಣದ್ರಾಕ್ಷಿ ಸೇರಿಸಿ ಕರಿದ ಹಿಟ್ಟಿನುಂಡೆ, ಬೋರ್ಸಾಕ್ ಎಂದರೆ ಪ್ರಾಣ. ಒಂದು ಚೀಲ ಕರಿದು ತಂದಿದ್ದೇನೆ.

ಮಾವನ ಮಗ ಎಂದು ಬರೆದುಬಿಟ್ಟೆ. ಓದಿದರೆ ಯಾರೋ ಮೈದುನನ ವಿಷಯದಂತಿದೆ. ಹೆತ್ತವಳು ನಾನೇ. ಹಿರಿಯ ಮೊಮ್ಮಗ ಅಜ್ಜ ಅಜ್ಜಿಗೆ ಸೇರಿದವನು. ಬಾಣಂತನ ಮುಗಿದ ದಿನ ಅತ್ತೆ ಎತ್ತಿಕೊಂಡು ತಮ್ಮ ಹಾಸಿಗೆಗೆ ಒಯ್ದರು. ಅವರೇ ಅವನಿಗೆ ಅಪ್ಪ ಅಮ್ಮ. ನನ್ನ ಗಂಡ ಅಣ್ಣ, ನಾನು ಅತ್ತಿಗೆ. ಎರಡನೆಯದೊಂದು ಹುಟ್ಟಿದ್ದರೆ ಅದು ನನ್ನದಾಗುತ್ತಿತ್ತು, ಅಷ್ಟರಲ್ಲಿ ಗಂಡ ಕಾಯಿಲೆಯಿಂದ ಹೋದರು. ಅತ್ತೆಯೂ ಹೋದ ವರ್ಷ ಹೋದರು. ಊರಲ್ಲಿ ಎಷ್ಟೋ ಮನೆಗಳಲ್ಲಿ ಹೀಗೇ. ದೂರುವಂಥದ್ದೇನಿಲ್ಲ.

ಏಪ್ರಿಲ್ 23

ಕೊಕ್‌ಬುಗೆತ್ ಊರು. ಅರ್ಧ ದಿನದ ದಾರಿಗೆ ಎರಡು ದಿನ ಹಿಡಿಯಿತು. ದಾರಿ ನೀರಿನ ಹತ್ತಿರ ಬಂದಲ್ಲೆಲ್ಲ ಮಾವ ಜೀಪು ನಿಲ್ಲಿಸಿ, ಇಳಿದು, ಕೈ ಹಿಂದೆ ಕಟ್ಟಿಕೊಂಡು ಜೊಂಡಿನ ಅಂಚಿನವರೆಗೆ ನಡೆದು ಹೋಗುತ್ತಾರೆ. ನಾನು ಜೀಪಿನಲ್ಲೇ ಇರುತ್ತೇನೆ. ತಿರುಗಿ ಬರುವಾಗ ಅವರ ಮುಖ ನೋಡುವುದಿಲ್ಲ, ನಡಿಗೆ ನೋಡುತ್ತೇನೆ. ಏನಾದರೂ ಸಿಕ್ಕಿದ್ದರೆ ಹಾಗೆ ಕಾಲೆಳೆದುಕೊಂಡು ಬರುತ್ತಿರಲಿಲ್ಲ.

ಇಲ್ಲಿ ಮಾವನ ಹಳೆಯ ದೋಣಿ ಜೊತೆಗಾರ ಅಬಿಲ್ ಇದ್ದಾರೆ. ಜೀಪಿನ ಸದ್ದಿಗೇ ಹೊರಗೆ ಬಂದರು.

"ಈ ತಗಡು ಡಬ್ಬಿ ಇನ್ನೂ ಓಡ್ತದೇನೋ? ನಿಮ್ಮೂರಲ್ಲಿ ಒಂಟೆಗಳೆಲ್ಲ ಸತ್ತೋದ್ವಾ?"

"ನಿನ್ನ ಮೋರೆ ನೋಡೋಕೆ ಪಾಪ ಒಂಟೆಗೆ ಯಾಕೆ ಕಷ್ಟ ಕೊಡ್ಲಿ" ಎಂದರು ಮಾವ.

ಇಬ್ಬರೂ ನಕ್ಕರು. ನಗು ಮುಗಿಯುವ ಮುಂಚೆಯೇ ಅಬಿಲ್ ಮಾವನನ್ನು ತಬ್ಬಿಕೊಂಡು ಗಟ್ಟಿಯಾಗಿ ಅತ್ತರು. "ಚಿಕ್ಕ ಮಗನನ್ನೂ ಕಳ್ಕೊಂಡ್ಯಲ್ಲೋ! ಈ ಸಮುದ್ರ ಬತ್ತಿ ಹೋದಾಗ ನೀರು ಮತ್ತೆ ಬರ್ಲಿ, ಬರ್ಲಿ ಅಂತ ನಾವೇ ಬೇಡ್ಕೊಂಡಿದ್ದು. ಬಂತು ನೋಡು!"

ಮಾವ ಅವರ ಬೆನ್ನು ತಟ್ಟುತ್ತಾ ನಿಂತಿದ್ದರು. ಅಬಿಲ್ ಹೆಂಡತಿ ರಬಿಗಾ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. "ನೀನು ಗಟ್ಟಿಯಾಗಿರ್ಬೇಕಮ್ಮ. ಮುದುಕರಿಗೆ ಈಗ ನಿನ್ನ ಬಿಟ್ರೆ ಯಾರಿದ್ದಾರೆ? ಊಟಗೀಟ ಮಾಡ್ತಾರಾ?"

"ಮಾಡ್ತಾರೆ" ಎಂದೆ. ಆಮೇಲೆ ಚಹಾ ನೀರು ಕಾಯುವ ಸಮೋವರ್ ಪಕ್ಕ ಕೂತು ಎಲ್ಲರಿಗೂ ಚಹಾ ಬಗ್ಗಿಸಿದೆ. ಅವರವರಿಗೆ ಬೇಕಾದ ಹದ ತಪ್ಪಲಿಲ್ಲ. ಫೆಬ್ರವರಿಯಲ್ಲೂ ಹಾಗೇ. ಊರಿನ ಜನ ಅಳುತ್ತಾ ಬಂದು ಮಾವನ ಕೊರಳು ಹಿಡಿದುಕೊಳ್ಳುತ್ತಿದ್ದರು, ನಾನು ಚಹಾ ಬಗ್ಗಿಸುತ್ತಿದ್ದೆ.

ಇಲ್ಲಿನ ದಂಡೆಗೆ ಏನೂ ಬಂದಿಲ್ಲವಂತೆ.

ಏಪ್ರಿಲ್ 25

ಸಾರಿಕುಂ. ಮನೆಗಳು ಕಡಿಮೆ, ನಾಯಿಗಳು ಜಾಸ್ತಿ. ಮೀನು ತೂಗುವ ಶೆಡ್ಡಿನ ಎದುರು ಗಂಡಸರು ಬಲೆ ರಿಪೇರಿ ಮಾಡುತ್ತಿದ್ದರು. ಮಾವ ಹೋಗಿ ಅವರ ನಡುವೆ ಕೂತವರು ಕೂತೇಬಿಟ್ಟರು. ಹರಿದ ಬಲೆಯ ಒಂದು ಅಂಚು ಎಳೆದುಕೊಂಡು ಗಂಟು ಹಾಕುತ್ತಾ ಗೆಂಡೆ ಮೀನಿನ ವಿಷಯ, ಉಪ್ಪಿನ ವಿಷಯ, ಯಾರದೋ ಮಗಳ ಮದುವೆ ವಿಷಯ ಮಾತಾಡಿದರು. ಕೇಳಬಾರದೇ? ಒಂದು ಮಾತು ಕೇಳಲು ಇಷ್ಟು ಹೊತ್ತೇ?

ಕೊನೆಗೂ ಅವರು ಕೇಳಲಿಲ್ಲ, ಬಲೆಯವರಲ್ಲೊಬ್ಬ ತಾನಾಗಿ ಹೇಳಿದ. ಕಣ್ಣು ಸೂಜಿಯ ಮೇಲೇ ಇತ್ತು, ಮಾವನನ್ನು ದಂಡೆಯವರೆಲ್ಲ ಗೌರವದಿಂದ ಕರೆಯುವ ಹೆಸರಿನಿಂದಲೇ ಕರೆದ. "ದುಸೆಕೆ, ನಿಮಗೆ ಹೇಳ್ಬೇಕೋ ಬೇಡ್ವೋ ಗೊತ್ತಾಗ್ತಿಲ್ಲ. ಉಷ್ತಾಮ್‌ನವರು ಗಡ್ಡೆ ಒಡೆಯೋಕೆ ಶುರುವಾದಾಗ ಒಬ್ಬರನ್ನ ಮಣ್ಣು ಮಾಡಿದ್ರಂತೆ. ನೀರಲ್ಲಿ ಬಂದವರನ್ನ. ಯಾರು ಅಂತ ಗೊತ್ತಿಲ್ವಂತೆ."

ಮಾವ ಹಾಕುತ್ತಿದ್ದ ಗಂಟು ಮುಗಿಸಿದರು. ನೂಲನ್ನು ಹಲ್ಲಿನಿಂದ ಕಡಿದರು. "ಹೌದಾ" ಎಂದರು.

ಉಷ್ತಾಮ್ ಇಲ್ಲಿಂದ ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ಸಿಗುವ ಊರು.

ಏಪ್ರಿಲ್ 26

ಗಾಳಿ. ಹೊರಡಲಿಲ್ಲ.

ಏಪ್ರಿಲ್ 27

ಇವತ್ತೂ ಇಲ್ಲ. ಎಂಜಿನ್ ನೋಡಬೇಕಂತೆ. ಎಂಜಿನ್ ಚೆನ್ನಾಗಿಯೇ ಇದೆ. ಮುಚ್ಚಳ ತೆಗೆದು ಸುಮ್ಮನೆ ಬಗ್ಗಿ ನಿಂತಿದ್ದಾರೆ. ಹೋಗಿ ಕೂಗಬೇಕು ಅನ್ನಿಸುತ್ತದೆ. ಕೂಗಿದರೆ ಏನೆಂದು ಕೂಗಲಿ? ನನಗೂ ಆ ಊರಿಗೆ ಹೋಗುವುದು ಬೇಡವಾಗಿದೆ. ಅಲ್ಲಿ ಮಲಗಿರುವವನು ಬೇರೆ ಯಾರೋ.

ಬೋರ್ಸಾಕ್ ಗಟ್ಟಿಯಾಗುತ್ತಾ ಬಂದಿತ್ತು. ಬಲೆಯವರಿಗೆ ಹಂಚಿಬಿಟ್ಟೆ. ಒಬ್ಬ ತಿಂದು, "ಅತ್ತಿಗೆ, ನಮ್ಮ ಮನೆಯೋಳಿಗೂ ಸ್ವಲ್ಪ ಹೇಳಿಕೊಡಿ. ಅವಳು ಕರಿದದ್ದನ್ನ ಬಲೆ ಮುಳುಗಿಸೋ ಗುಂಡಾಗಿ ಕಟ್ಟಬಹುದು" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು. ಆಮೇಲೆ ಜೀಪಿನ ಹಿಂದೆ ಹೋಗಿ ನಿಂತೆ.

ಏಪ್ರಿಲ್ 28

ಹೊರಟೆವು. ಒಂದು ಕಡೆ ಚಕ್ರ ಮರಳಿನಲ್ಲಿ ಹೂತಿತು. ಸಕ್ಸೌಲ್ ಪೊದೆಯ ಕೊಂಬೆ ಮುರಿದು ತಂದು ಚಕ್ರದ ಅಡಿಗೆ ಕೊಟ್ಟೆ, ಹಿಂದಿನಿಂದ ತಳ್ಳಿದೆ. ಜೀಪು ಮೇಲೆ ಬಂದಾಗ ಅವರು ಮುಂದಿನ ಬಾಗಿಲು ತೆರೆದು ಹಿಡಿದರು. "ಇಲ್ಲೇ ಕೂತ್ಕೋ. ನನ್ನ ಕಣ್ಣಿಗೆ ದಾರಿ ಸರಿಯಾಗಿ ಕಾಣ್ತಿಲ್ಲ." ತಿಲೆಕ್ ಕೂರುತ್ತಿದ್ದ ಜಾಗ. ಕೂತೆ. ಎಡಕ್ಕೆ, ಬಲಕ್ಕೆ, ಹಳ್ಳ ಇದೆ ಎಂದು ಹೇಳುತ್ತಾ ಬಂದೆ. ಇಷ್ಟು ವರ್ಷದಲ್ಲಿ ಮಾವನ ಜೊತೆ ಒಂದೇ ದಿನ ಇಷ್ಟು ಮಾತಾಡಿದ್ದಿಲ್ಲ.

ಉಷ್ತಾಮ್‌ಗೆ ಸ್ವಲ್ಪ ದೂರವಿದೆ ಎನ್ನುವಾಗ ಮತ್ತೆ ನಿಲ್ಲಿಸಿದರು. ಕುರಿಹಟ್ಟಿಯೊಂದರಲ್ಲಿ ಉಳಿದೆವು. ಆ ಹಟ್ಟಿಯವರ ಮನೆಯಲ್ಲಿ ಕಾಲು ಮುರಿದವರು ಯಾರೂ ಇರಲಿಲ್ಲ. ನಾನು ಕೇಳಲೂ ಇಲ್ಲ.

ಏಪ್ರಿಲ್ 29, ಬುಧವಾರ

ಇವತ್ತಿನದನ್ನು ಎಲ್ಲ ಬರೆಯಬೇಕು.

ಉಷ್ತಾಮ್‌ನಲ್ಲಿ ನಮ್ಮನ್ನು ಬರಮಾಡಿಕೊಂಡವರು ಇಲ್ಯಾಸ್ ಎಂಬ ಹಿರಿಯರು, ಅವರ ಹೆಂಡತಿ ಸಂದುಗಾಶ್. ನಾವು ಯಾರೆಂದು ಹೇಳುವ ಮೊದಲೇ ಅವರಿಗೆ ತಿಳಿದಿತ್ತು. ನಮ್ಮ ಕಡೆಯಲ್ಲಿ ಸುದ್ದಿಗೆ ಜೀಪು ಬೇಕಾಗಿಲ್ಲ. ಮೊದಲು ಚಹಾ. ಆಮೇಲೆ ಮಾಂಸ. ಇಲ್ಯಾಸ್ ಕೈ ತೊಳೆದು, ಪ್ರಾರ್ಥನೆ ಹೇಳಿ, ಆಮೇಲೆ ಬಾಯಿ ತೆರೆದರು.

"ಜೊಂಡಿನ ಹತ್ರ ಸಿಕ್ಕಿದ್ದು. ನಾಯಿ ಬೊಗಳ್ತಿತ್ತು, ಹೋಗಿ ನೋಡಿದ್ವಿ. ದಾರಿಯೆಲ್ಲ ಕೆಸರು, ಯಾರೂ ಬರೋ ಹಾಗಿರ್ಲಿಲ್ಲ. ಜಿಲ್ಲೆಗೆ ಹೇಳಿಕಳಿಸಿ, ನಾವೇ ಮೈ ತೊಳೆದು, ಬಿಳಿ ಬಟ್ಟೆ ಸುತ್ತಿ, ಊರೆಲ್ಲ ಸೇರಿ ನಮಾಜ್ ಮಾಡಿ ಮಲಗಿಸಿದ್ವಿ. ಹುಡುಗ. ಮುಖ ನೋಡಿ ಹೇಳೋ ಹಾಗಿರ್ಲಿಲ್ಲ ದುಸೆಕೆ. ಎತ್ತರ ಇದ್ದ. ಮೈಮೇಲೆ ಗುರುತು ಸಿಗೋ ಬಟ್ಟೆ ಇರ್ಲಿಲ್ಲ."

"ನಮ್ಮವನೂ ಎತ್ತರ" ಎಂದರು ಮಾವ.

"ತೊಳೆದವನು ನಾನೇ. ಒಂದು ಗುರುತು ಮಾತ್ರ ಇತ್ತು. ಬಲಗೈ ಕಿರುಬೆರಳು ಇರ್ಲಿಲ್ಲ. ಈಗಿನದಲ್ಲ, ಹಳೇದು. ಚೆನ್ನಾಗಿ ಮಾಯ್ದಿತ್ತು."

ನಾನು ಕೈಯಲ್ಲಿದ್ದ ಬಟ್ಟಲು ನೋಡುತ್ತಾ ಕೂತೆ. ಸಮುದ್ರಕ್ಕೆ ಹೋದ ದಿನ ಬೆಳಿಗ್ಗೆ ತಿಲೆಕ್ ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಕೈ ಬೆಚ್ಚಗೆ ಮಾಡಿಕೊಂಡಿದ್ದ. "ಅತ್ತಿಗೆ, ಇನ್ನೊಂದು" ಎಂದಿದ್ದ. ಎಲ್ಲ ಬೆರಳೂ ಇದ್ದವು.

ಮಾವ ಗಡ್ಡದ ಮೇಲೆ ಕೈಯಾಡಿಸಿ, "ಅವನೇ" ಎಂದರು. "ಬಲೆ ಹಗ್ಗಕ್ಕೆ ಸಿಕ್ಕಿ ಹೋಗಿತ್ತು ಬೆರಳು. ಎರಡು ವರ್ಷ ಆಯ್ತು. ನಮ್ಮ ತಿಲೆಕ್‌ನೇ."

ಸಂದುಗಾಶ್ ಮುಖ ಮುಚ್ಚಿಕೊಂಡು ಅತ್ತರು. ಇಲ್ಯಾಸ್ ಎದ್ದು ಬಂದು ಮಾವನ ಪಕ್ಕ ಕೂತರು. ಮಾವ ನನ್ನ ಕಡೆ ನೋಡಲಿಲ್ಲ. ಯಾಕೆ ಹಾಗೆ ಹೇಳಿದರೆಂದು ನನಗೆ ಆ ಕ್ಷಣವೇ ತಿಳಿಯಿತು. ಗೋರಿ ಇದ್ದರೆ ಸಾಕು. ಬಂದು ಕೂರಲು, ಕೈ ಎತ್ತಿ ಬೇಡಿಕೊಳ್ಳಲು, ಒಂದು ಕಲ್ಲು ನೆಡಲು ಜಾಗ ಸಿಕ್ಕರೆ ಸಾಕು. ಇನ್ನು ಪ್ರತಿ ನೀರಿನಂಚಿಗೆ ಇಳಿದು ನಡೆಯುವ ಶಕ್ತಿ ಆ ಕಾಲುಗಳಲ್ಲಿ ಉಳಿದಿಲ್ಲ. ಮತ್ತೆ, ದೇವರೇ, ನನಗೂ ಅದೇ ಬೇಕೆನ್ನಿಸಿತು. ಸುಮ್ಮನಿದ್ದರೆ ಮುಗಿಯಿತು. ನಾನು ಇಷ್ಟು ವರ್ಷ ಸುಮ್ಮನಿದ್ದವಳೇ.

ಎಲ್ಲರೂ ಗೋರಿಯ ಕಡೆ ಹೊರಟರು. ಊರ ಹಿಂದಿನ ದಿಬ್ಬ. ಅವರದೇ ಜನರ ಸಾಲಿನಲ್ಲಿ, ಇಲ್ಯಾಸ್ ಅವರ ತಂದೆಯ ಪಕ್ಕದಲ್ಲೇ ಮಲಗಿಸಿದ್ದಾರೆ. ಸುತ್ತ ಕಲ್ಲು ಜೋಡಿಸಿದ್ದಾರೆ. ಸಂದುಗಾಶ್ ನನ್ನ ತೋಳು ಹಿಡಿದುಕೊಂಡು, "ಪ್ರತಿ ಶುಕ್ರವಾರ ಏಳು ರೊಟ್ಟಿ ಕರೀತೀನಮ್ಮ ಇವನ ಹೆಸರಲ್ಲಿ. ಹೆಸರು ಗೊತ್ತಿರ್ಲಿಲ್ಲ, ಅದಕ್ಕೇ 'ಯಾವಳೋ ತಾಯಿಯ ಮಗ' ಅಂತ ಹೇಳಿ ಕರೀತಿದ್ದೆ. ಎಣ್ಣೆ ವಾಸನೆ ಅವನಿಗೆ ಸೇರ್ಲಿ ಅಂತ. ಇನ್ಮೇಲೆ ತಿಲೆಕ್ ಅಂತೀನಿ" ಎಂದರು.

ಯಾವಳೋ ತಾಯಿ. ಅವಳು ಎಲ್ಲಿದ್ದಾಳೋ. ನಮ್ಮ ಹಾಗೆ ಜೀಪೂ ಇಲ್ಲವೇನೋ ಅವಳಿಗೆ. ಈ ಗೋರಿಯ ಮೇಲೆ ತಿಲೆಕ್ ಎಂದು ಬರೆದ ಕಲ್ಲು ನಿಂತರೆ, ಅವಳು ಒಂದು ದಿನ ಇಲ್ಲಿಗೆ ಬಂದರೂ ಓದಿಕೊಂಡು ಮುಂದೆ ಹೋಗಿಬಿಡುತ್ತಾಳೆ.

ಮಾವ ಮಂಡಿಯೂರಿ ಮಣ್ಣು ಮುಟ್ಟಲು ಕೈ ಚಾಚಿದ್ದರು.

"ಅಲ್ಲ ಮಾವ" ಎಂದೆ.

ನನ್ನ ದನಿ ಅಷ್ಟು ಜೋರಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಗಂಡಸರೆಲ್ಲ ತಿರುಗಿದರು.

"ಇವನು ನಮ್ಮವನಲ್ಲ. ನಮ್ಮವನಿಗೆ ಹತ್ತೂ ಬೆರಳಿತ್ತು. ನಿಮಗೂ ಗೊತ್ತು."

ಇಲ್ಯಾಸ್ ಮುಖ ಗಂಟಿಕ್ಕಿದರು. ಯಾರೋ ಹಿಂದಿನಿಂದ, "ಸೊಸೆ ಅಂತೆ. ಮಾವ ಮಾತಾಡಿದ ಮೇಲೆ ಇವಳದೇನು?" ಎಂದದ್ದು ಕೇಳಿಸಿತು. ಮಾವ ಮಂಡಿಯೂರಿದವರು ಹಾಗೇ ಇದ್ದರು. ಚಾಚಿದ ಕೈಯೂ ಹಾಗೇ ಇತ್ತು. ಗಾಳಿ ಅವರ ಟೋಪಿಯ ಅಂಚು ಅಲ್ಲಾಡಿಸುತ್ತಿತ್ತು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅವರು ನೆಲಕ್ಕೆ ಕೈಯೂರಿ ಎದ್ದರು. ಇಲ್ಯಾಸ್ ಅವರಿಗೆ, ಊರಿನವರಿಗೆ, ಎಲ್ಲರಿಗೂ ಕೇಳುವಂತೆ, "ಅವಳು ಸೊಸೆಯಾಗಿ ಮಾತಾಡ್ತಿಲ್ಲ" ಎಂದರು. "ಅವನನ್ನ ಹೆತ್ತವಳು ಇವಳು. ನಾನು ಸಾಕಿದವನು. ತಾಯಿ 'ಅವನಲ್ಲ' ಅಂದ್ರೆ ಅವನಲ್ಲ."

ಏಪ್ರಿಲ್ 30

ಮಾವ ಬೆಳಿಗ್ಗೆಯಿಂದ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ. ಚಹಾ ಒಯ್ದಿಟ್ಟೆ. ಕುಡಿದರು. ನನ್ನಿಂದ ಅವರ ಗೋರಿ ಹೋಯಿತು. ನನ್ನದೂ ಹೋಯಿತು. ಇಷ್ಟೇ ಬರೆಯಲು ಆಗುತ್ತಿದೆ.

ಮೇ 1, ಶುಕ್ರವಾರ

ಬೆಳಿಗ್ಗೆ ಸಂದುಗಾಶ್ ಹಿಟ್ಟು ಕಲಸಲು ಕೂತಿದ್ದರು. ನಾನೂ ತೋಳು ಮಡಚಿ ಕೂತೆ. ನಮ್ಮ ಚೀಲದ ಹಿಟ್ಟೇ ತಂದು ಹಾಕಿದೆ. ಅವರು ಲಟ್ಟಿಸಿದರು, ನಾನು ಕರಿದೆ. ಎಣ್ಣೆ ಕಾದು ಹೊಗೆಯೆದ್ದಾಗ ಅವರು ಎಂದಿನಂತೆ "ಯಾವಳೋ ತಾಯಿಯ ಮಗನಿಗೆ" ಎಂದು ಮೊದಲ ರೊಟ್ಟಿ ಬಿಟ್ಟರು. ಏಳು ಮುಗಿದ ಮೇಲೂ ಹಿಟ್ಟು ಉಳಿದಿತ್ತು. ಉಳಿದದ್ದನ್ನು ನನ್ನ ಮುಂದೆ ತಳ್ಳಿ, "ಇದು ನಿನ್ನ ಮಗನಿಗೆ. ಹೆಸರು ಹೇಳಿ ಬಿಡು" ಎಂದರು.

"ಮಣ್ಣು ಮಾಡೋ ಜನಾಜಾ ನಮಾಜೇ ಆಗಿಲ್ಲ ಅಕ್ಕ. ಎಲ್ಲಿದ್ದಾನೋ ಗೊತ್ತಿಲ್ಲ."

"ಎಲ್ಲಿ ದಡ ಸೇರಿದ್ರೂ ಅಲ್ಲೂ ನನ್ನಂಥವಳು ಒಬ್ಬಳು ಇರ್ತಾಳೆ. ದಡ ಸೇರದಿದ್ರೆ ನೀನಿದ್ದೀಯ. ಬಿಡು."

ತಿಲೆಕ್ ಎಂದೆ. ರೊಟ್ಟಿ ಎಣ್ಣೆಯಲ್ಲಿ ಉಬ್ಬಿತು. ಆಮೇಲೆ ಏನಾಯಿತೋ ನನಗೆ ಸರಿಯಾಗಿ ನೆನಪಿಲ್ಲ. ಗಂಟಲಿನಿಂದ ಹಾಡು ಎದ್ದು ಬಂತು. ಸತ್ತವರಿಗಾಗಿ ಹೆಂಗಸರು ಎತ್ತುವ ಹಾಡು. ಫೆಬ್ರವರಿಯಲ್ಲಿ ಅದನ್ನು ಹಾಡಲು ಮನೆಯಲ್ಲಿ ತಾಯಿ ಎನ್ನಿಸಿಕೊಂಡವರು ಇರಲಿಲ್ಲ, ಅತ್ತಿಗೆ ಹಾಡುವುದು ಸರಿಯಲ್ಲವೆಂದು ನಾನು ತುಟಿ ಕಚ್ಚಿಕೊಂಡಿದ್ದೆ. ಮಾತುಗಳನ್ನು ಯಾರೂ ಕಲಿಸಿರಲಿಲ್ಲ. ನಲವತ್ತು ದಿನ ಕುಡಿಸಿದ ಹಾಲು, ಆಮೇಲೆ ಅಂಗಿಯಲ್ಲಿ ಇಂಗಿದ ಹಾಲು, ಗೋಡೆಯ ಆಚೆ ಅಳುತ್ತಿದ್ದ ಕೂಸು, ಎಲ್ಲ ತಾವಾಗಿ ಸಾಲು ಹಿಡಿದು ಬಂದವು. ಅಕ್ಕಪಕ್ಕದ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಬಂದರು. ಬಂದವರೆಲ್ಲ ನನ್ನ ಕೊರಳಿಗೇ ಬಿದ್ದರು. ಚಹಾ ಬಗ್ಗಿಸಿದವರು ಯಾರೋ ಬೇರೆಯವರು.

ಮುಗಿಯುವ ಹೊತ್ತಿಗೆ ಮಾವ ಬಾಗಿಲ ಬಳಿ ನಿಂತಿದ್ದರು. ಕರಿದ ರೊಟ್ಟಿ ಒಂದನ್ನು ತಗೊಂಡು ಮುರಿದು ತಿಂದರು. ಮೊನ್ನೆಯಿಂದ ಅವರು ತಿಂದದ್ದು ಅದೇ ಮೊದಲು.

ಮೇ 2

ಊರ ಹೊರಗೆ ದಾರಿ ಕವಲೊಡೆಯುವಲ್ಲಿ ಮಾವ ಜೀಪು ನಿಲ್ಲಿಸಿದರು. "ಮುಂದೆ ಇನ್ನೂ ಊರುಗಳಿವೆ. ಇಲ್ಲ, ಮನೆ ಕಡೆ ತಿರುಗಿಸ್ಲಾ? ನೀನು ಹೇಳು."

ಮುಂದೆ, ಎಂದೆ. ಅವರು ಸರಿ ಎಂದರು. ಸ್ವಲ್ಪ ದೂರ ಹೋದ ಮೇಲೆ, ಕಣ್ಣು ದಾರಿಯ ಮೇಲೇ ಇಟ್ಟು, "ಚಿಕ್ಕವನಿದ್ದಾಗ ಒಂದು ಸಲ ಕೇಳಿದ್ದ" ಎಂದರು. "'ಅಪ್ಪಾ, ನಾನು ಮಲಗಿದ್ಮೇಲೆ ಅತ್ತಿಗೆ ಯಾಕೆ ದಿನಾ ಬಂದು ರಜಾಯಿ ಸರಿ ಮಾಡಿ ಹೋಗ್ತಾಳೆ? ನಾನು ಎಚ್ಚರಾನೇ ಇರ್ತೀನಿ' ಅಂತ."

"ನೀವೇನು ಹೇಳಿದ್ರಿ?"

"ಕಣ್ಣು ಮುಚ್ಕೊಂಡೇ ಇರು, ಅವಳು ಸರಿ ಮಾಡ್ಲಿ ಅಂದೆ."

ನಾನು ಕಿಟಕಿಯ ಹೊರಗೆ ನೋಡಿದೆ. ಅವರು ನಿಧಾನಕ್ಕೇ ಓಡಿಸಿದರು. ಈಗ ನನಗೂ ಅವಸರವಿರಲಿಲ್ಲ.

ಮೇ 4

ಎರಡು ಊರು ಮುಗಿದವು. ನೀರಿನಂಚಿಗೆ ಈಗ ಇಬ್ಬರೂ ಇಳಿದು ನಡೆಯುತ್ತೇವೆ. ಮಾವನ ಮೊಣಕಾಲು ಹಿಡಿದುಕೊಂಡರೆ ನಾನೊಬ್ಬಳೇ ಜೊಂಡಿನವರೆಗೆ ಹೋಗಿ ಬರುತ್ತೇನೆ. ಮೀನು ಚೆನ್ನಾಗಿ ಬರುತ್ತಿದೆಯಂತೆ ಈ ವರ್ಷ. ಒಬ್ಬಳು ಒಂದು ಬುಟ್ಟಿ ಕೊಟ್ಟಳು, ಬೇಡವೆಂದರೂ ಬಿಡಲಿಲ್ಲ. ಉಪ್ಪು ಹಾಕಿ ಜೀಪಿನ ಹಿಂದೆ ನೇತುಹಾಕಿದ್ದೇನೆ. ಇಡೀ ಜೀಪು ನಾರುತ್ತದೆ. "ಇನ್ನು ನಾಯಿಗಳೇ ನಮಗೆ ದಾರಿ ತೋರಿಸ್ತವೆ" ಎಂದರು ಮಾವ.

ಮೇ 6, ಬುಧವಾರ

ದಂಡೆಯ ಕೊನೆಯ ಊರು. ಇದರಾಚೆ ಉಪ್ಪಿನ ಬಯಲು, ಮನೆಗಳಿಲ್ಲ. ಒಂದೇ ಕೋಣೆಯ ಮನೆಯಲ್ಲಿ ಚಿಕ್ಕ ವಯಸ್ಸಿನ ಹೆಂಗಸು ನಮಗೆ ಜಾಗ ಕೊಟ್ಟಿದ್ದಾಳೆ. ಗಂಡ ಸಮುದ್ರಕ್ಕೆ ಹೋಗಿದ್ದಾನೆ, ಮಗು ತೊಡೆಯ ಮೇಲೆ ನಿದ್ದೆ ಹೋಗಿತ್ತು. ಎರಡು ಬಟ್ಟಲು ಚಹಾ ಆದ ಮೇಲೆ ನಾನೇ ಮಾತು ತೆಗೆದೆ. ಈ ಕಡೆ ಯಾರ ಮನೆಯಲ್ಲಾದರೂ ಬಲಗೈ ಕಿರುಬೆರಳಿಲ್ಲದ ಎತ್ತರದ ಹುಡುಗ ಕಾಣೆಯಾಗಿದ್ದಾನಾ, ಉಷ್ತಾಮ್‌ನಲ್ಲಿ ಮಲಗಿಸಿದ್ದಾರೆ, ಚೆನ್ನಾಗಿ ನೋಡಿಕೊಂಡಿದ್ದಾರೆ, ಅವನ ತಾಯಿಗೆ ಸುದ್ದಿ ಮುಟ್ಟಿಸಬೇಕು ಎಂದೆ. ಹಿಂದಿನ ಊರುಗಳಲ್ಲೂ ಹೀಗೇ ಕೇಳುತ್ತಾ ಬಂದಿದ್ದೇವೆ.

ಅವಳಿಗೆ ಗೊತ್ತಿರಲಿಲ್ಲ. ಗಂಡ ಬಂದ ಮೇಲೆ ದೋಣಿಯವರನ್ನೆಲ್ಲ ಕೇಳಿಸುತ್ತೇನೆ ಎಂದಳು. ಆಮೇಲೆ ಅನುಮಾನದಿಂದ, "ಅವನು ನಿಮಗೆ ಏನಾಗಬೇಕು ಅಕ್ಕ?" ಎಂದಳು.

"ಏನೂ ಆಗಬೇಕಿಲ್ಲ" ಎಂದೆ. "ನನ್ನ ಮಗನೂ ನೀರಲ್ಲೇ ಇದ್ದಾನೆ."

ಅವಳು ಮಗುವನ್ನು ಒಂದು ಸಲ ನೋಡಿ, ನನ್ನ ಬಟ್ಟಲು ತಗೊಂಡು ಮತ್ತೆ ಚಹಾ ಬಗ್ಗಿಸಿದಳು. ಸ್ವಲ್ಪ ಚೆಲ್ಲಿತು. ಮಾವ ತಮ್ಮ ಕರವಸ್ತ್ರದಿಂದ ಒರೆಸಿ, ಬಟ್ಟಲನ್ನು ನನ್ನ ಮುಂದಿಟ್ಟರು.